ರಕ್ಷಣಾ ಸಚಿವಾಲಯದಲ್ಲಿ ಅಮ್ಮನ ಹೆಸರು

ಅಪ್ಪ ತೀರಿಕೊಂಡು ಒಂದು ತಿಂಗಳಾದ ಮೇಲೆ ನಮಗೆ ಗೊತ್ತಾಯಿತು, ಭಾರತ ಸರ್ಕಾರದ ಪ್ರಕಾರ ಅವರ ಹೆಂಡತಿ ನಮ್ಮಮ್ಮ ಅಲ್ಲ ಅಂತ.

ಅಪ್ಪನ ಪಿಪಿಒದಲ್ಲಿ, ಅಂದರೆ ಪಿಂಚಣಿ ಆದೇಶದ ಕಾಗದದಲ್ಲಿ, ಹೆಂಡತಿಯ ಹೆಸರು ಸೀತಮ್ಮ ಎಂದಿತ್ತು. ಅಮ್ಮನ ಆಧಾರ್, ಪಾಸ್‌ಬುಕ್, ವೋಟರ್ ಐಡಿ ಎಲ್ಲದರಲ್ಲೂ ಲಲಿತಾ. ಹೆಸರು ಹೊಂದದೆ ಅಮ್ಮನಿಗೆ ಬರಬೇಕಾದ ಪಿಂಚಣಿ ನಿಂತಿತು. ಇದು ಯಾವ ಗುಮಾಸ್ತರ ಕೈತಪ್ಪೂ ಅಲ್ಲ. ತಪ್ಪು ನಮ್ಮಜ್ಜಿಯದು. ಅಜ್ಜಿಯ ಹೆಸರೂ ಲಲಿತಮ್ಮ. ಸೊಸೆಗೂ ಅದೇ ಹೆಸರಿದ್ದರೆ ಮಗ ಹೆಂಡತಿಯನ್ನು ಕರೆದಾಗೆಲ್ಲ ಹೆತ್ತವಳ ಹೆಸರು ಹಿಡಿದು ಕೂಗಿದ ಹಾಗಾಗುತ್ತದೆ ಅಲ್ವಾ? ಅದಕ್ಕೇ ಧಾರೆ ಮುಗಿಯುತ್ತಿದ್ದಂತೆ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿದರು. ಅಪ್ಪ ರಜೆ ಮುಗಿಸಿ ಯೂನಿಟ್‌ಗೆ ಹೋದವರು ಅಲ್ಲೂ ಅದನ್ನೇ ಬರೆಸಿದರು. ಅಜ್ಜಿ ಹೋದ ಮೇಲೆ ಅಮ್ಮ ಸದ್ದಿಲ್ಲದೆ ಮತ್ತೆ ಲಲಿತಾ ಆದರು. ಊರಿಗೆಲ್ಲ ಗೊತ್ತಾಯಿತು. ಸೈನ್ಯಕ್ಕೆ ಯಾರೂ ಹೇಳಲಿಲ್ಲ.

ನಾನು ಮೊದಲು ಮಾಡಿದ ಕೆಲಸ, ಕೇಂದ್ರ ಸರ್ಕಾರದ ದೂರು ಪೋರ್ಟಲ್‌ನಲ್ಲಿ ಉದ್ದದ ಪತ್ರ ಬರೆದದ್ದು. 'ಮಾನ್ಯ ರಕ್ಷಣಾ ಸಚಿವರಿಗೆ' ಅಂತಲೇ ಶುರು ಮಾಡಿದ್ದೆ. ಯಾವ ಇಲಾಖೆಗೆ ಅಂತ ಅದು ಕೇಳಿತು. 'ರಕ್ಷಣೆ' ಅನ್ನುವ ಪದ ಇದ್ದ ಮೊದಲ ಸಾಲನ್ನೇ ಒತ್ತಿದೆ. ಕೆಲವು ದಿನಗಳಾದ ಮೇಲೆ ಉತ್ತರ ಬಂತು: ಈ ವಿಷಯ ಈ ಇಲಾಖೆಗೆ ಸೇರಿದ್ದಲ್ಲ. ರಕ್ಷಣಾ ಸಚಿವಾಲಯಕ್ಕೆ ಬರೆದ ಪತ್ರ ರಕ್ಷಣಾ ಸಚಿವಾಲಯದ್ದಲ್ಲ ಅಂದರೆ ಏನರ್ಥ? ನನಗೆ ಸಿಟ್ಟು ಬಂತು. ಅಮ್ಮ ಮಾತ್ರ ತಣ್ಣಗೆ, "ನಿಮ್ಮಪ್ಪ ಯಾವತ್ತೂ ಮೇಲಿನವರಿಗೆ ನೇರ ಬರೀತಿರಲಿಲ್ಲ ಕಣೆ. ಮೊದಲು ಸೈನಿಕ ಬೋರ್ಡಿಗೆ ಹೋಗೋಣ" ಅಂದರು.

ಹಾಗೆ ಒಂದು ಸೋಮವಾರ ಬೆಳಿಗ್ಗೆ ಅಪ್ಪನ ಕಪ್ಪು ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋದೆವು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಸೈನ್ಯದ ನಂಬರ್, ರ್‍ಯಾಂಕ್, ಹೆಸರು. ಇಪ್ಪತ್ತನಾಲ್ಕು ವರ್ಷ ಸೇವೆ ಮಾಡಿ ಹವಾಲ್ದಾರ್ ಆಗಿ ಬಂದವರು. ನಂಬರ್ ಮೊದಲು, ಹೆಸರು ಕೊನೆಗೆ. ಚಿಕ್ಕಂದಿನಲ್ಲಿ ಅದು ನನಗೆ ತಮಾಷೆ ಅನ್ನಿಸುತ್ತಿತ್ತು.

ಸೈನಿಕ ಬೋರ್ಡ್ ಅಂದರೆ ಮಾಜಿ ಸೈನಿಕರ, ಅವರ ಮನೆಯವರ ಕಷ್ಟ ನೋಡುವ ಜಿಲ್ಲಾ ಕಚೇರಿ. ಅಲ್ಲಿ ಉದ್ದನೆಯ ಬೆಂಚು. ಹದಿನೈದು ಜನರಾದರೂ ಇದ್ದರು, ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಮೇಜಿನ ಹಿಂದೆ ಕೂತಿದ್ದವರು ನಿವೃತ್ತ ಸುಬೇದಾರರು. ವೆಲ್ಫೇರ್ ಆರ್ಗನೈಸರ್ ಅನ್ನುವ ಹುದ್ದೆ ಅವರದು. ಬಂದವರೆಲ್ಲ 'ಸಾಬ್' ಅನ್ನುತ್ತಿದ್ದರು. ಅವರು ಅಮ್ಮನ ಮುಖ ನೋಡಿ ಮೊದಲು ಕೂರಿಸಿದರು. ಆಮೇಲೆ ಪಿಪಿಒ ಓದಿದರು. ಆಧಾರ್ ಓದಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನಕ್ಕರು.

"ಅತ್ತೆ ಹೆಸರೂ ಇದೇನಾ ತಾಯಿ?"

ಅಮ್ಮ ಬೆಚ್ಚಿಬಿದ್ದರು. ಸುಬೇದಾರರಿಗೆ ಇಂಥದ್ದು ಹೊಸದಲ್ಲವಂತೆ. ಒಂದೇ ಹೆಸರಿಗೆ ಎರಡು ಇನಿಶಿಯಲ್, ಮದುವೆಗೆ ಮುಂಚಿನ ಹೆಸರು, ಶಾಲೆಯ ಹೆಸರು, ಹಿಂದಿಯಲ್ಲಿ ಬರೆದುಕೊಂಡಾಗ ಬದಲಾದ ಹೆಸರು. ಆ ಮೇಜಿಗೆ ಬರುವ ಕಷ್ಟಗಳಲ್ಲಿ ಬಹಳಷ್ಟು ಹೆಸರಿನವೇ.

ನಾನು ಪೋರ್ಟಲ್‌ನ ಉತ್ತರ ತೋರಿಸಿ ದೂರು ಹೇಳಿದೆ. ಅವರು ಒಂದು ಹಳೆಯ ಲಕೋಟೆ ತೆಗೆದು ಅದರ ಹಿಂದೆ ಐದು ಚೌಕ ಬರೆದರು.

"ಮಗಳೇ, ರಕ್ಷಣಾ ಸಚಿವಾಲಯ ಅಂದರೆ ಒಂದು ಮನೆ ಅಲ್ಲ. ಐದು ಅಣ್ತಮ್ಮಂದಿರ ಕೂಡುಕುಟುಂಬ" ಅಂದರು.

ಮೊದಲನೇ ಚೌಕ ರಕ್ಷಣಾ ಇಲಾಖೆ. ಇದರ ಮುಖ್ಯಸ್ಥರು ರಕ್ಷಣಾ ಕಾರ್ಯದರ್ಶಿ, ಐಎಎಸ್ ಅಧಿಕಾರಿ. ಬಜೆಟ್, ನೀತಿ, ಸಂಸತ್ತು, ದೊಡ್ಡ ಖರೀದಿ, ಕೋಸ್ಟ್ ಗಾರ್ಡ್, ಗಡಿ ರಸ್ತೆಗಳು, ಸೈನ್ಯದ ಜಮೀನು. ಐದೂ ಚೌಕಗಳ ನಡುವೆ ಹೊಂದಾಣಿಕೆ ಮಾಡುವುದೂ ಅವರೇ. ನಾನು ಒತ್ತಿದ್ದು ಇದನ್ನೇ. ಎರಡನೆಯದು ಸೇನಾ ವ್ಯವಹಾರಗಳ ಇಲಾಖೆ. ಇದು ಹೊಸ ಚೌಕ. 2020ರ ಜನವರಿಯಲ್ಲಿ ಜನರಲ್ ಬಿಪಿನ್ ರಾವತ್ ಮೊದಲ ಸಿಡಿಎಸ್ ಆಗಿ, ಅಂದರೆ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿ, ಅಧಿಕಾರ ವಹಿಸಿಕೊಂಡಾಗ ಶುರುವಾದದ್ದು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಈಗ ಇದರಡಿ ಬರುತ್ತವೆ. ಸಿಡಿಎಸ್ ಅವರೇ ಇದರ ಕಾರ್ಯದರ್ಶಿ. ಮೂರನೆಯದು ರಕ್ಷಣಾ ಉತ್ಪಾದನೆ. ನಾಲ್ಕನೆಯದು ಸಂಶೋಧನೆ, ಡಿಆರ್‌ಡಿಒ. ಐದನೆಯದು ಮಾಜಿ ಸೈನಿಕರ ಕಲ್ಯಾಣ, ಹುಟ್ಟಿದ್ದು 2004ರಲ್ಲಿ.

"ನಿಮ್ಮದು ಇಲ್ಲಿ" ಅಂತ ಐದನೇ ಚೌಕದ ಮೇಲೆ ಪೆನ್ನು ಕುಟ್ಟಿದರು.

ಮೂರನೇ ಚೌಕ ನೋಡಿ ಅಮ್ಮನಿಗೆ ಏನೋ ನೆನಪಾಯಿತು. "ನಮ್ಮ ಮೈದುನ ಎಚ್‌ಎಎಲ್‌ನಲ್ಲಿ ಇದ್ದರು" ಅಂದರು. ಹೌದಲ್ಲ! ಅಪ್ಪ ಮತ್ತು ಚಿಕ್ಕಪ್ಪ ಜನ್ಮವಿಡೀ ಜಗಳ ಆಡಿದ್ದು ಇದಕ್ಕೇ. ಹಬ್ಬಕ್ಕೆ ಸೇರಿದಾಗೆಲ್ಲ ಚಿಕ್ಕಪ್ಪ, "ನಾವು ವಿಮಾನ ಮಾಡದಿದ್ದರೆ ನೀವೇನು ಮಾಡ್ತಿದ್ರಿ?" ಅನ್ನುತ್ತಿದ್ದರು. ಅಪ್ಪ, "ನೀನು ಮಾಡಿದ ವಿಮಾನದಲ್ಲಿ ನನ್ನನ್ನು ಯಾರೂ ಕೂರಿಸಲಿಲ್ಲ, ನಾನು ನಡ್ಕೊಂಡೇ ಹೋದೆ" ಅನ್ನುತ್ತಿದ್ದರು. ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಮೂರೂ ಬೆಂಗಳೂರಿನವು, ಮೂರೂ ಆ ಮೂರನೇ ಚೌಕದವು. 1962ರ ಚೀನಾ ಯುದ್ಧದ ಪೆಟ್ಟು ಬಿದ್ದಾಗ, ಆ ನವೆಂಬರ್‌ನಲ್ಲಿ ಹುಟ್ಟಿದ ಇಲಾಖೆಯಂತೆ ಅದು. ಅಣ್ಣ ತಮ್ಮ ಇಬ್ಬರೂ ಒಬ್ಬನೇ ಮಂತ್ರಿಯ ಕೈಕೆಳಗಿದ್ದರು ಅನ್ನುವುದು ಆ ಲಕೋಟೆ ನೋಡುವ ತನಕ ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಬೆಂಚಿನಿಂದ ಒಬ್ಬ ಹಿರಿಯರು ಎದ್ದು ಬಂದರು. ಬಿಎಸ್‌ಎಫ್‌ನಲ್ಲಿದ್ದವರು. ಮಗಳ ಓದಿಗೆ ಸಹಾಯಧನ ಕೇಳಲು ಬಂದಿದ್ದರು. ಸುಬೇದಾರರ ಮುಖ ಸಪ್ಪಗಾಯಿತು. "ಅಣ್ಣಾ, ನೀವು ಗೃಹ ಸಚಿವಾಲಯದವರು. ನಮ್ಮ ಕಡೆ ಬರಲ್ಲ. ನಿಮಗೆ ಬೇರೆ ಕಲ್ಯಾಣ ಮಂಡಳಿ ಇದೆ" ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಹಿರಿಯರು, "ಗಡಿಯಲ್ಲಿ ನಿಂತಿದ್ದು ನಾವೂ ಅಲ್ವಾ ಸಾಬ್?" ಅಂದರು. ಉತ್ತರ ಇರಲಿಲ್ಲ. ಗಡಿ ಕಾಯುವ ಬಿಎಸ್‌ಎಫ್, ಐಟಿಬಿಪಿ ಗೃಹ ಇಲಾಖೆಗೆ. ಸಮುದ್ರ ಕಾಯುವ ಕೋಸ್ಟ್ ಗಾರ್ಡ್ ರಕ್ಷಣೆಗೆ. ಅಸ್ಸಾಂ ರೈಫಲ್ಸ್ ಅಂತೂ ಆಡಳಿತಕ್ಕೆ ಗೃಹ ಇಲಾಖೆ, ಕಾರ್ಯಾಚರಣೆಗೆ ಭೂಸೇನೆ. ಇದಕ್ಕೆಲ್ಲ ಕಾರಣಗಳಿವೆ. ಆದರೆ ಆ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದವರಿಗೆ ಆ ಕಾರಣ ಹೇಳುವ ಧೈರ್ಯ ನನಗಂತೂ ಇಲ್ಲ.

ನಮ್ಮ ಸರದಿ ಮುಂದುವರಿಯಿತು. ಚೀಲದಿಂದ ಒಂದೊಂದೇ ಕಾಗದ ಹೊರಗೆ ಬಂತು. ಸುಬೇದಾರರು ಹುಡುಕುತ್ತಿದ್ದದ್ದು ಒಂದನ್ನೇ: ಪಾರ್ಟ್ ಟೂ ಆರ್ಡರ್. ಸೈನಿಕನಿಗೆ ಮದುವೆಯಾದರೆ, ಮಗು ಹುಟ್ಟಿದರೆ, ಬಡ್ತಿ ಸಿಕ್ಕರೆ ಯೂನಿಟ್ ಅದನ್ನು ಈ ಆರ್ಡರ್‌ನಲ್ಲಿ ಪ್ರಕಟಿಸಬೇಕು. ಅದು ಆಮೇಲೆ ದಾಖಲೆ ಕಚೇರಿಗೆ, ಅಂದರೆ ರೆಕಾರ್ಡ್ ಆಫೀಸಿಗೆ ಹೋಗುತ್ತದೆ. "ತಾಳಿ ಕಟ್ಟಿದರೆ ಊರಿಗೆ ಮದುವೆ. ಪಾರ್ಟ್ ಟೂ ಆದರೆ ಸರ್ಕಾರಕ್ಕೆ ಮದುವೆ" ಅಂದರು. ಸಿಕ್ಕಿತು. ಹಳದಿ ಬಣ್ಣಕ್ಕೆ ತಿರುಗಿದ್ದ ಸೈಕ್ಲೋಸ್ಟೈಲ್ ಹಾಳೆ. ಮೂವತ್ತು ಜನರ ಸುದ್ದಿಯ ನಡುವೆ ಒಂದು ಸಾಲು. ಅಪ್ಪನ ನಂಬರ್, ಅಪ್ಪನ ಹೆಸರು, ಮದುವೆಯ ತಾರೀಖು, ಹೆಂಡತಿ ಸೀತಮ್ಮ. ಮೇಲಿನ ಸಾಲಿನಲ್ಲಿ ಯಾರದೋ ದಂತದ ಚಿಕಿತ್ಸೆ, ಕೆಳಗಿನ ಸಾಲಿನಲ್ಲಿ ಯಾರೋ ಡ್ರೈವಿಂಗ್ ಪರೀಕ್ಷೆ ಪಾಸಾದದ್ದು. ಅಮ್ಮ ಅದನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. ಇಂಗ್ಲಿಷ್ ಬಾರದು, ಆದರೂ ನೋಡಿದರು.

ಇನ್ನೊಂದು ಕಟ್ಟಿನಲ್ಲಿ ಅಪ್ಪ ಕೂಡಿಟ್ಟಿದ್ದ ಸುತ್ತೋಲೆಗಳು. ಹಳೆಯವುಗಳ ತಲೆಯಲ್ಲಿ 'ಆರ್ಮಿ ಹೆಡ್‌ಕ್ವಾರ್ಟರ್ಸ್' ಅಂತ ಇತ್ತು. ನಿವೃತ್ತರಾದ ಮೇಲೆ ಸಂಘದಿಂದ ತಂದಿಟ್ಟುಕೊಂಡವುಗಳಲ್ಲಿ 'ಇಂಟಿಗ್ರೇಟೆಡ್ ಹೆಡ್‌ಕ್ವಾರ್ಟರ್ಸ್ ಆಫ್ ಮಿನಿಸ್ಟ್ರಿ ಆಫ್ ಡಿಫೆನ್ಸ್, ಆರ್ಮಿ'. ಏನು ವ್ಯತ್ಯಾಸ ಅಂತ ಕೇಳಿದೆ. ಸುಬೇದಾರರಿಗೆ ಇದು ಇಷ್ಟದ ವಿಷಯ ಅಂತ ಕಾಣುತ್ತದೆ. ಪೆನ್ನು ಕೆಳಗಿಟ್ಟರು.

ಬ್ರಿಟಿಷರ ಕಾಲದಲ್ಲಿ ಕಮಾಂಡರ್ ಇನ್ ಚೀಫ್ ಅಂದರೆ ಸೈನ್ಯದ ದಂಡನಾಯಕನೂ ಹೌದು, ವೈಸ್‌ರಾಯ್ ಮಂಡಳಿಯ ಸದಸ್ಯನೂ ಹೌದು. ಕತ್ತಿ, ಲೆಕ್ಕದ ಪುಸ್ತಕ ಎರಡೂ ಒಂದೇ ಕೈಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಚುನಾಯಿತ ಮಂತ್ರಿ ಬಂದರು, ಬಲದೇವ್ ಸಿಂಗ್ ಮೊದಲನೆಯವರು. 1949ರ ಜನವರಿ 15ಕ್ಕೆ ನಮ್ಮ ಕೊಡಗಿನ ಕಾರ್ಯಪ್ಪನವರು ಆ ಪದವಿಗೆ ಬಂದ ಮೊದಲ ಭಾರತೀಯರಾದರು. 1955ರಲ್ಲಿ ಆ ಪದವಿಯ ಹೆಸರನ್ನೇ ತೆಗೆದು ಮೂರೂ ಪಡೆಗಳಿಗೆ ಒಬ್ಬೊಬ್ಬ ಮುಖ್ಯಸ್ಥ ಅಂತ ಮಾಡಿದರು. ಮೂರೂ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯದು. ದೇಶದ ರಕ್ಷಣೆಯ ಹೊಣೆ ಮಂತ್ರಿಮಂಡಲದ್ದು. ಸೈನ್ಯದ ಕೇಂದ್ರ ಕಚೇರಿಗಳು ಮಾತ್ರ ಬಹಳ ವರ್ಷ ಸಚಿವಾಲಯಕ್ಕೆ 'ಅಂಟಿಕೊಂಡ ಕಚೇರಿ'ಗಳಾಗಿಯೇ ಉಳಿದವು. ಒಳಗಿನವರಲ್ಲ, ಹೊರಗಿನವರೂ ಅಲ್ಲ. ಕಡತ ಇಲ್ಲಿಂದ ಹೋಗಿ ಅಲ್ಲಿ ಕೂರುತ್ತಿತ್ತು. ತಲೆಬರಹ ಬದಲಾದದ್ದು ಆ ದೂರ ಕಡಿಮೆ ಮಾಡುವ ಪ್ರಯತ್ನವಂತೆ. ಎರಡನೇ ಚೌಕ ಬಂದಮೇಲೆ ಸಮವಸ್ತ್ರದವರೇ ಸಚಿವಾಲಯದೊಳಗೆ ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂರುವಂತಾಯಿತು. ದೊಡ್ಡ ಖರೀದಿಯ ಕೀಲಿಕೈ ಮಾತ್ರ ಮೊದಲನೇ ಚೌಕದಲ್ಲೇ ಉಳಿದಿದೆ.

"ಒಳ್ಳೇದಾಯ್ತಾ ಸಾಬ್?" ಅಂದೆ.

"ನಾನು ಸುಬೇದಾರ್ ಮಗಳೇ. ನನ್ನ ಕೇಳಿ ಯಾರೂ ಮಾಡಲ್ಲ" ಅಂದರು.

ಅಪ್ಪ ಒಂದು ಮಾತು ಹೇಳುತ್ತಿದ್ದರು: ಬಂದೂಕು ಕೊಡುವವನು ಒಬ್ಬ, ಹಾರಿಸಿದ ಗುಂಡಿಗೆ ಲೆಕ್ಕ ಕೇಳುವವನು ಇನ್ನೊಬ್ಬ. ಆವತ್ತು ಅದು ಅರ್ಥವಾಯಿತು. ಸೈನ್ಯದ ಲೆಕ್ಕ ನೋಡುವುದು ಸೈನ್ಯವೇ ಅಲ್ಲ. ಅದಕ್ಕೆ ಡಿಫೆನ್ಸ್ ಅಕೌಂಟ್ಸ್ ಅಂತ ಬೇರೆಯೇ ಇಲಾಖೆ. ಪಿಂಚಣಿ ಮಂಜೂರು ಮಾಡುವವರು ಪ್ರಯಾಗ್‌ರಾಜ್‌ನಲ್ಲಿದ್ದಾರೆ. ಹಳೆಯ ಸೈನಿಕರ ಬಾಯಲ್ಲಿ ಅದು ಇವತ್ತಿಗೂ 'ಅಲಹಾಬಾದ್'. 'ಅಲಹಾಬಾದಿಂದ ಬಂತಾ?' ಅಂತ ಕೇಳಿದರೆ ಗಂಗಾಜಲ ಅಲ್ಲ, ಪಿಪಿಒ. ಈಗ ದುಡ್ಡು 'ಸ್ಪರ್ಶ್' ಅನ್ನುವ ಆನ್‌ಲೈನ್ ವ್ಯವಸ್ಥೆಯಿಂದ ನೇರ ಖಾತೆಗೆ ಬರುತ್ತದೆ.

ಬಜೆಟ್ ದಿನ ಟಿವಿಯಲ್ಲಿ ರಕ್ಷಣೆಗೆ ಇಷ್ಟು ಲಕ್ಷ ಕೋಟಿ ಅಂದಾಗ ತೋರಿಸುವುದು ಟ್ಯಾಂಕ್, ಫೈಟರ್ ವಿಮಾನಗಳನ್ನ. 2025-26ರಲ್ಲಿ ಆ ಮೊತ್ತ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸುಮಾರು 1.60 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತದೆ. ಹೊಸ ವಿಮಾನ, ಹಡಗು, ಯಂತ್ರಗಳಿಗೆಂದು ಇಟ್ಟ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಅಂದರೆ ಟಿವಿಯಲ್ಲಿ ಟ್ಯಾಂಕ್ ತೋರಿಸಿದಷ್ಟೇ ಹೊತ್ತು ಈ ಬೆಂಚನ್ನೂ ತೋರಿಸಬಹುದಿತ್ತು.

ಕೆಲಸದ ದಾರಿ ಹೀಗಿತ್ತು. ಲಲಿತಾ, ಸೀತಮ್ಮ ಎರಡೂ ಒಬ್ಬರೇ ಅಂತ ಅಫಿಡವಿಟ್. ಪೇಪರಿನಲ್ಲಿ ಜಾಹೀರಾತು. ಬೋರ್ಡಿನ ಪತ್ರದ ಜೊತೆ ಅವು ರೆಕಾರ್ಡ್ ಆಫೀಸಿಗೆ. ಅಲ್ಲಿ ಹೆಸರು ತಿದ್ದಿದ ಮೇಲೆ ಪ್ರಯಾಗ್‌ರಾಜ್‌ಗೆ. ಅಲ್ಲಿಂದ ತಿದ್ದುಪಡಿ ಪಿಪಿಒ, ಕಾರಿಜೆಂಡಮ್ ಅನ್ನುತ್ತಾರೆ. ಆ ಬೋರ್ಡ್ ಕೂಡ ಒಂದು ವಿಚಿತ್ರ ಜಾಗ. ಸಿಬ್ಬಂದಿ ರಾಜ್ಯ ಸರ್ಕಾರದವರು, ಜಿಲ್ಲಾಧಿಕಾರಿ ಅಧ್ಯಕ್ಷರು, ದೆಹಲಿಯಲ್ಲಿರುವ ಕೇಂದ್ರೀಯ ಸೈನಿಕ ಬೋರ್ಡಿಗೆ ರಕ್ಷಣಾ ಸಚಿವರೇ ಅಧ್ಯಕ್ಷರು. ನಾನು ಪೋರ್ಟಲ್‌ನಲ್ಲಿ ಹುಡುಕಿದ ಮಂತ್ರಿಯ ಮನೆಯ ಹಿತ್ತಲ ಬಾಗಿಲು ಬಸ್ ಸ್ಟ್ಯಾಂಡಿನ ಹತ್ತಿರವೇ ಇತ್ತು.

ಅಫಿಡವಿಟ್‌ಗೆ ಆಧಾರವಾಗಿ ಹಳೆಯ ಪತ್ರ ಏನಾದರೂ ಇದೆಯಾ ಅಂತ ಕೇಳಿದರು. ಅಮ್ಮ ಸ್ವಲ್ಪ ಹಿಂಜರಿದು, ಚೀಲದ ತಳದಿಂದ ಇನ್‌ಲ್ಯಾಂಡ್ ಪತ್ರಗಳ ಕಟ್ಟು ತೆಗೆದರು. ಕಳಿಸಿದವರ ಜಾಗದಲ್ಲಿ ಊರಿಲ್ಲ, ಬರೀ ಯೂನಿಟ್ ಮತ್ತು '56 ಎಪಿಒ', ಅಂದರೆ ಸೈನ್ಯದ ಅಂಚೆ ಕಚೇರಿಯ ನಂಬರ್. ಅಪ್ಪ ಎಲ್ಲಿದ್ದರು ಅಂತ ಆ ವಿಳಾಸ ಯಾವತ್ತೂ ಹೇಳುತ್ತಿರಲಿಲ್ಲ. ಹೊರಗೆ, ಅಂಚೆಯವನು ಮತ್ತು ಅಜ್ಜಿ ಓದುವ ಕಡೆ, 'ಶ್ರೀಮತಿ ಸೀತಮ್ಮ'. ಒಳಗೆ ಮೊದಲ ಸಾಲು: 'ಪ್ರೀತಿಯ ಲಲಿತಾ'.

ಸುಬೇದಾರರು ಒಂದನ್ನು ಮಾತ್ರ ಬಿಡಿಸಿ ಮೊದಲ ಸಾಲು ಓದಿದರು. ಮಿಕ್ಕದ್ದನ್ನು ಓದದೆ ಮಡಚಿ ಕೊಟ್ಟರು. "ಇದೊಂದರ ಜೆರಾಕ್ಸ್ ಸಾಕು ತಾಯಿ. ಮೇಲಿನ ಎರಡು ಇಂಚು ಮಾತ್ರ ಬರೋ ಹಾಗೆ ಮಾಡಿಸಿ" ಅಂದರು.

ತಿದ್ದುಪಡಿ ಬಂದದ್ದು ಐದು ತಿಂಗಳಾದ ಮೇಲೆ. ಬಾಕಿ ಹಣವೂ ಬಂತು. ಆ ಐದು ತಿಂಗಳು ಹೇಗಿದ್ದೆವು ಅನ್ನುವುದು ಇಲ್ಲಿ ಬೇಡ.

ಬೋರ್ಡಿಗೆ ಹೋಗಿದ್ದ ಆ ಸೋಮವಾರ ಸಂಜೆ ಬಸ್ಸಿನಲ್ಲಿ ಅಮ್ಮ ಕಿಟಕಿ ಪಕ್ಕ ಕೂತು ಆ ಲಕೋಟೆ ಕೇಳಿದರು. ಐದು ಚೌಕಗಳ ಮೇಲೆ ಬೆರಳು ಓಡಿಸಿದರು.

"ಇದರಲ್ಲಿ ನಿಮ್ಮಪ್ಪ ಎಲ್ಲಿ?"

"ಕೆಲಸದಲ್ಲಿದ್ದಾಗ ಈ ಕಡೆ. ಆಮೇಲೆ ಈ ಕೊನೇದರಲ್ಲಿ."

"ನಾನು?"

"ನೀನೂ ಕೊನೇದರಲ್ಲೇ ಅಮ್ಮ."

ಅವರು ಆ ಚೌಕವನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದರು:

"ಯಾವ ಹೆಸರಲ್ಲಿ?"