ಈಮ್: ಊರು ಬಿಟ್ಟು ಹೋಗದವರ ಊರು

2011ರ ಜನಗಣತಿಯ ಪ್ರಕಾರ ಇಂಗ್ಲೆಂಡಿನ ಈಮ್ ಪ್ಯಾರಿಷ್‌ನ (ಪ್ಯಾರಿಷ್ ಅಂದರೆ ಅಲ್ಲಿನ ಗ್ರಾಮ ಆಡಳಿತದ ಘಟಕ) ಜನಸಂಖ್ಯೆ 969. ಬೆಂಗಳೂರಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲೇ ಇದಕ್ಕಿಂತ ಜಾಸ್ತಿ ಜನ ಇದ್ದಾರೆ. ಆದರೆ ಈ ಊರಿಗೆ ಚರ್ಚ್ ಇದೆ, ಮ್ಯೂಸಿಯಂ ಇದೆ, ಪ್ರೈಮರಿ ಶಾಲೆ, ಡಾಕ್ಟರ ಕ್ಲಿನಿಕ್, ಪಬ್, ಸಮುದಾಯ ಭವನ, ಯೂತ್ ಹಾಸ್ಟೆಲ್ ಎಲ್ಲಾ ಇವೆ. ಜೊತೆಗೆ, ಇಲ್ಲಿ 350 ವರ್ಷಗಳ ಹಿಂದೆ ಸತ್ತವರ ಹೆಸರುಗಳನ್ನು ಇಂದಿಗೂ ಮನೆ ಮನೆಯ ಮುಂದೆ ಬರೆದಿಟ್ಟಿದ್ದಾರೆ.

ತಂಗಿ ಶೆಫೀಲ್ಡ್‌ನಲ್ಲಿ ಇದ್ದಾಳೆ. ಅವಳ ಮನೆಗೆ ಹೋದಾಗ ಮೊದಲು ಚಾಟ್ಸ್‌ವರ್ತ್ ಅರಮನೆ ತೋರಿಸಿದಳು. ಚಿನ್ನದ ಬಣ್ಣ ಬಳಿದ ಕಿಟಕಿ, ಕಾರಂಜಿ, ದೊಡ್ಡ ತೋಟ. ಚೆನ್ನಾಗಿದೆ, ಆದರೆ ನನಗೆ ಅರಮನೆಗಳಲ್ಲಿ ಬೇಗ ಸುಸ್ತಾಗುತ್ತದೆ. "ಅಕ್ಕಾ, ಇಲ್ಲೇ ಹತ್ತಿರದಲ್ಲಿ ಪ್ಲೇಗ್ ಬಂದಾಗ ಊರು ಬಿಡದೆ ಒಳಗೇ ಉಳಿದವರ ಊರೊಂದಿದೆ" ಎಂದು ಅವಳು ಹೇಳಿದ ಕೂಡಲೇ ಹೋಗಲೇಬೇಕು ಅನ್ನಿಸಿತು.

ಯಾಕೆ ಅಂದರೆ, ನಮ್ಮಜ್ಜಿ ಹೇಳುತ್ತಿದ್ದ ಪ್ಲೇಗ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಮನೆಯಲ್ಲಿ ಇಲಿ ಬಿತ್ತು ಅಂದರೆ ಮುಗೀತು, ಪಾತ್ರೆ ಪಗಡೆ ಗಂಟು ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತಿತ್ತಂತೆ. ಅಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದರು, ಬಸವನಗುಡಿ, ಮಲ್ಲೇಶ್ವರ ಬೆಳೆದವು. ಪ್ಲೇಗ್ ಅಂದರೆ ಊರು ಬಿಡುವುದು ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಬಿಡದೆ ಉಳಿದವರು ಯಾರು, ಯಾಕೆ ಉಳಿದರು?

ಶೆಫೀಲ್ಡ್‌ನಿಂದ ಬಸ್ಸು ಊರ ಗಲಾಟೆ ದಾಟಿದ ಮೇಲೆ ಬಯಲು ಏರುತ್ತದೆ. ಮರವಿಲ್ಲದ ದಿಬ್ಬಗಳು, ಕಲ್ಲಿನ ಬೇಲಿ, ಕುರಿ. ಈಮ್ ಇರುವುದು ಡರ್ಬಿಶೈರ್‌ನಲ್ಲಿ, ಪೀಕ್ ಡಿಸ್ಟ್ರಿಕ್ಟ್ ನ್ಯಾಷನಲ್ ಪಾರ್ಕ್ ಒಳಗೆ. 1951ರಲ್ಲಿ ಆದ ಇದು ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್. ನಮ್ಮ ನಾಗರಹೊಳೆ, ಬಂಡೀಪುರದ ಹಾಗೆ ಕಾಡು ಅಲ್ಲ. ಒಳಗೆ ಊರುಗಳಿವೆ, ಹೊಲಗಳಿವೆ, ಕಲ್ಲುಕ್ವಾರಿಗಳೂ ಇವೆ.

ಊರಿಗೆ ಉದ್ದಕ್ಕೆ ಒಂದು ಬೀದಿ. ಬೂದು ಕಲ್ಲಿನ ಮನೆಗಳು. ಚರ್ಚ್ ಪಕ್ಕದಲ್ಲೇ ಪ್ಲೇಗ್ ಶುರುವಾದ ಮನೆ. 1665ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನಿಂದ ಇಲ್ಲಿನ ದರ್ಜಿಗೆ ಬಟ್ಟೆಯ ಗಂಟೊಂದು ಬಂತು. ಬಟ್ಟೆ ಒದ್ದೆಯಾಗಿತ್ತು. ಜಾರ್ಜ್ ವಿಕಾರ್ಸ್ ಎಂಬ ಕೆಲಸದವನು ಅದನ್ನು ಬೆಂಕಿಯ ಮುಂದೆ ಹರವಿದ. ಅದರೊಳಗೆ ಚಿಗಟಗಳಿದ್ದವು. ಸೆಪ್ಟೆಂಬರ್ ಮೊದಲ ವಾರದಲ್ಲೇ ಅವನು ಸತ್ತ. ಚಿಗಟದಿಂದ ಪ್ಲೇಗ್ ಬರುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಪ್ಲೇಗಿನ ರೋಗಾಣು ಸಿಕ್ಕಿದ್ದೇ 1894ರಲ್ಲಿ, ಹಾಂಗ್‌ಕಾಂಗಿನಲ್ಲಿ.

ಆ ಮನೆಗಳ ಮುಂದೆ ಹಸಿರು ಫಲಕಗಳಿವೆ. ಈ ಮನೆಯಲ್ಲಿ ಯಾರು ಯಾರು ಸತ್ತರು ಎಂದು ಹೆಸರು ಬರೆದಿದೆ. ನನಗೆ ಹಿಡಿಸದ ವಿಷಯ ಒಂದಿದೆ. ಆ ಮನೆಗಳಲ್ಲಿ ಈಗಲೂ ಸಂಸಾರಗಳು ವಾಸವಾಗಿವೆ. ಆದರೂ ಬಂದವರು ಕಿಟಕಿಗೆ ಮುಖ ಒತ್ತಿ ಒಳಗೆ ಇಣುಕುತ್ತಾರೆ, ಗೇಟಿಗೆ ಒರಗಿ ಸೆಲ್ಫಿ ತೆಗೆಯುತ್ತಾರೆ. ಒಳಗೆ ಯಾರೋ ಅನ್ನ ಬೇಯಿಸುತ್ತಿರುತ್ತಾರೆ, ಮಗು ಹೋಮ್‌ವರ್ಕ್ ಮಾಡುತ್ತಿರುತ್ತದೆ. ಹೋಗುವವರು ದಯವಿಟ್ಟು ರಸ್ತೆಯಲ್ಲೇ ನಿಂತು ಓದಿ.

ಚರ್ಚ್ ಅಂಗಳದಲ್ಲಿ 8ನೇ ಶತಮಾನದ್ದೆನ್ನುವ ಕಲ್ಲಿನ ಶಿಲುಬೆ ಇದೆ. ಮೈತುಂಬಾ ಬಳ್ಳಿಯ ಕೆತ್ತನೆ. ಅದರ ಹತ್ತಿರವೇ ಕ್ಯಾಥರೀನ್ ಮಾಂಪೆಸನ್ ಸಮಾಧಿ. ಆಕೆ ಆಗಿನ ಪಾದ್ರಿ ವಿಲಿಯಂ ಮಾಂಪೆಸನ್ ಹೆಂಡತಿ. ಜನ ಮೊದಲು ಈ ಪಾದ್ರಿಯನ್ನು ನಂಬಿರಲಿಲ್ಲ. ಅವನು ಊರಿಗೆ ಹೊಸಬ. ಅವರು ನಂಬಿದ್ದು ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿಯನ್ನು. ಸರ್ಕಾರ ಹೇಳಿದ ಪ್ರಾರ್ಥನಾ ಪುಸ್ತಕ ಒಪ್ಪಲಿಲ್ಲ ಎಂದು ಸ್ಟ್ಯಾನ್ಲಿಯ ಕೆಲಸ ಹೋಗಿತ್ತು. ಧರ್ಮದ ವಿಷಯದಲ್ಲಿ ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಆದರೆ 1666ರ ಜೂನ್‌ನಲ್ಲಿ ಇಬ್ಬರೂ ಒಟ್ಟಿಗೆ ನಿಂತು ಊರಿನವರಿಗೆ ಹೇಳಿದರು: ಯಾರೂ ಹೊರಗೆ ಹೋಗುವುದು ಬೇಡ, ರೋಗ ಸುತ್ತಲಿನ ಊರುಗಳಿಗೆ ಹರಡುವುದು ಬೇಡ. ಜನ ಒಪ್ಪಿದರು. ಚರ್ಚ್ ಮುಚ್ಚಿತು. ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯಲ್ಲಿ, ಬಯಲಿನಲ್ಲಿ, ದೂರ ದೂರ ನಿಂತು ಪ್ರಾರ್ಥನೆ ಮಾಡಿದರು. ಸತ್ತವರನ್ನು ಆಯಾ ಮನೆಯವರೇ ತಮ್ಮ ಹಿತ್ತಿಲಲ್ಲೋ ಹೊಲದಲ್ಲೋ ಹೂಳಬೇಕು ಎಂದಾಯಿತು. ಊಟದ ಸಾಮಾನನ್ನು ಹೊರಗಿನವರು ಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಚಾಟ್ಸ್‌ವರ್ತ್ ಅರಮನೆಯ ಒಡೆಯ, ಅರ್ಲ್ ಕೂಡ ಕಳಿಸಿದ. ಸ್ಟೋನಿ ಮಿಡ್ಲ್‌ಟನ್ ಕಡೆ ಹೋಗುವ ಕಾಲುದಾರಿಯಲ್ಲಿ ಆ ಗಡಿಕಲ್ಲು ಇನ್ನೂ ಇದೆ. ಅದರಲ್ಲಿ ಆರು ಗುಳಿಗಳು. ರೋಗ ಅಂಟದಿರಲಿ ಎಂದು ಗುಳಿಗೆ ವಿನೆಗರ್ ತುಂಬಿ ಅದರೊಳಗೆ ಸಾಮಾನಿನ ದುಡ್ಡು ಹಾಕುತ್ತಿದ್ದರು. ನಾನು ಆ ಗುಳಿಗಳಿಗೆ ಬೆರಳಿಟ್ಟು ನೋಡಿದೆ. ಅಂಚು ಸವೆದು ನುಣುಪಾಗಿದೆ.

ಪ್ಲೇಗ್ ನಿಂತಿದ್ದು 1666ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಸುಮಾರು 260 ಜನ ಸತ್ತಿದ್ದರು. ಕ್ಯಾಥರೀನ್ ಆಗಸ್ಟ್‌ನಲ್ಲಿ ತೀರಿಕೊಂಡರು. ಊರಲ್ಲಿ ಇದ್ದವರೇ 350 ಜನ, ಅದರಲ್ಲಿ 260 ಜನ ಸತ್ತರು ಎಂದು ಹಳೆಯ ಬರಹಗಳಲ್ಲಿ ಇರುತ್ತದೆ. ಆ ಕಾಲದಲ್ಲಿ ಮನೆಯ ಒಲೆ ಎಣಿಸಿ ಹಾಕುತ್ತಿದ್ದ ತೆರಿಗೆಯ ಲೆಕ್ಕ ನೋಡಿದ ಇತಿಹಾಸಕಾರರು ಇಲ್ಲ, ಆಗ ಇಲ್ಲಿ ಕಡಿಮೆ ಅಂದರೂ 700 ಜನ ಇದ್ದಿರಬೇಕು ಅನ್ನುತ್ತಾರೆ. ಹಾಗಾದರೆ ಮೂವರಲ್ಲಿ ಒಬ್ಬರು. ಸಂಖ್ಯೆ ಇಳಿದರೂ ದುಃಖ ಇಳಿಯುವುದಿಲ್ಲ ಅಲ್ವಾ.

ಇದೆಲ್ಲ ನನಗೆ ಬಿಡಿಸಿ ಹೇಳಿದ್ದು ಚರ್ಚ್ ಒಳಗೆ ಕೂತಿದ್ದ ಒಬ್ಬ ಅಜ್ಜಿ. ಎಪ್ಪತ್ತು ದಾಟಿದ ವಯಸ್ಸು. ಬಂದವರಿಗೆ ಮಾಹಿತಿ ಕೊಡಲು ಸಂಬಳವಿಲ್ಲದೆ ಕೂರುತ್ತಾರೆ. ನಾನು ಬೆಂಗಳೂರಿನ ಪ್ಲೇಗ್ ಕಥೆ ಹೇಳಿದೆ. ಅವರು ಹತ್ತಿರ ಸರಿದು ಕೂತು, ಗುಡಿಸಲುಗಳಲ್ಲಿ ಮಳೆ ಬಂದರೆ ಏನು ಮಾಡುತ್ತಿದ್ದರು ಎಂದು ಕೇಳಿದರು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಬಸ್ಸಿನ ಯೋಚನೆಯೇ ಬರಲಿಲ್ಲ.

"ಈಗ ಊರಲ್ಲಿ ಯಾರಿದ್ದಾರೆ?" ಎಂದು ಕೇಳಿದೆ.

"ನನ್ನಂಥವರು ಇದ್ದೇವೆ, ರಿಟೈರ್ ಆದವರು. ಶೆಫೀಲ್ಡ್‌ನ ಆಸ್ಪತ್ರೆ, ಯೂನಿವರ್ಸಿಟಿಗೆ ದಿನಾ ಕಾರಿನಲ್ಲಿ ಹೋಗಿ ಬರುವವರು ಇದ್ದಾರೆ. ಕುರಿ ದನ ಸಾಕುವ ಕೆಲವು ಮನೆಗಳಿವೆ. ವಾರಕ್ಕೆ ಬಾಡಿಗೆಗೆ ಕೊಡುವ ಮನೆಗಳೂ ಇವೆ, ಅವುಗಳಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತಾಗುವುದಿಲ್ಲ."

ಅವರ ತಾತ ಸೀಸದ ಗಣಿಯವರು, ತಂದೆ ಬೂಟು ಕಾರ್ಖಾನೆಯವರು. ಈ ಒಂದು ಮನೆತನದಲ್ಲೇ ಊರಿನ ಆರ್ಥಿಕತೆ ಪೂರ್ತಿ ಸಿಕ್ಕಿತು ಅನ್ನಿಸಿತು. ಈ ಬೆಟ್ಟಗಳ ಅಡಿಯಲ್ಲಿ ಸೀಸದ ಅದಿರು ಇತ್ತು. ಗಣಿಯವರಿಗೆ ಬಾರ್‌ಮೋಟ್ ಎಂಬ ಬೇರೆಯೇ ನ್ಯಾಯಾಲಯ ಇತ್ತು. ಅಪರಾಧಿಗಳ ಕಾಲು ಸಿಕ್ಕಿಸುತ್ತಿದ್ದ ಮರದ ಕೋಳ ಈಗಲೂ ಊರ ನಡುವಿನ ಹುಲ್ಲುಗಾವಲಿನಲ್ಲಿದೆ. ರೇಷ್ಮೆ ನೇಯುವವರೂ ಇದ್ದರು. 19ನೇ ಶತಮಾನದಲ್ಲಿ ಸೀಸ ಬಿದ್ದುಹೋಯಿತು, ಬೂಟು ಕಾರ್ಖಾನೆಗಳು ಬಂದವು. ಪಕ್ಕದ ಸ್ಟೋನಿ ಮಿಡ್ಲ್‌ಟನ್‌ನಲ್ಲಿ ಇಂದಿಗೂ ಕೆಲಸಗಾರರ ಬೂಟು ತಯಾರಿಸುತ್ತಾರೆ. ಆಮೇಲೆ ಫ್ಲೋರ್‌ಸ್ಪಾರ್. ಸೀಸ ತೆಗೆಯುವಾಗ ಬೇಡವೆಂದು ರಾಶಿ ಹಾಕಿದ್ದ ಕಲ್ಲು ಅದು. 20ನೇ ಶತಮಾನದಲ್ಲಿ ಉಕ್ಕಿನ ಕುಲುಮೆಗೂ ರಾಸಾಯನಿಕ ಕಾರ್ಖಾನೆಗೂ ಬೇಕಾಯಿತು. ತಾತ ಎಸೆದದ್ದನ್ನು ಮೊಮ್ಮಕ್ಕಳು ಅಗೆದು ಮಾರಿದರು. ಈಗ ಊರಿಗೆ ದುಡ್ಡು ಬರುವುದು ಮುಖ್ಯವಾಗಿ ನನ್ನ ಥರ ನೋಡಲು ಬಂದವರಿಂದ, ಮತ್ತೆ ಹೊರಗೆ ಹೋಗಿ ದುಡಿಯುವವರಿಂದ.

"ನಿಮ್ಮ ಮಕ್ಕಳು?" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗ ಚೆಸ್ಟರ್‌ಫೀಲ್ಡ್‌ನಲ್ಲಿದ್ದಾನೆ. ಇಲ್ಲೇ ಇರಬೇಕು ಅಂತ ಆಸೆ ಇತ್ತು. ಮನೆ ಕೊಳ್ಳಲು ಆಗಲಿಲ್ಲ. ಊರಿನ ಸೊಬಗು ನೋಡಿ ದುಡ್ಡಿರುವವರು ಬಂದು ಕೊಳ್ಳುತ್ತಾರೆ. ಗಾರೆ ಕೆಲಸದವನು ಅವರ ಜೊತೆ ಹೇಗೆ ಪೈಪೋಟಿ ಮಾಡುತ್ತಾನೆ?"

ನ್ಯಾಷನಲ್ ಪಾರ್ಕ್ ಆದ್ದರಿಂದ ಹೊಸ ಮನೆ ಕಟ್ಟಲು ಸುಲಭಕ್ಕೆ ಅನುಮತಿ ಸಿಗುವುದಿಲ್ಲ. ಸ್ಥಳೀಯರಿಗಾಗಿಯೇ ಕಡಿಮೆ ಬೆಲೆಯ ಮನೆಗಳ ನಿಯಮವೊಂದಿದೆ. ಅಂಥ ಮನೆ ಬೇಕಾದರೆ ಆ ಪ್ಯಾರಿಷ್‌ನಲ್ಲೋ ಪಕ್ಕದ್ದರಲ್ಲೋ 10 ವರ್ಷ ವಾಸವಿದ್ದಿರಬೇಕು. ಆದರೆ ಕಟ್ಟುವ ಮನೆಗಳು ಕೆಲವೇ ಕೆಲವು. ಭೂಮಿ ಸಿಗಬೇಕು, ದುಡ್ಡು ಸಿಗಬೇಕು, ನೋಟ ಕೆಡಬಾರದು. ನನಗೆ ಇಲ್ಲಿ ಮನಸ್ಸು ಭಾರವಾಯಿತು. ಬೆಟ್ಟದ ಅಂದ ಉಳಿಯಬೇಕು, ಒಪ್ಪುತ್ತೇನೆ. ಆದರೆ ಆ ಅಂದ ಉಳಿಸಿದವರ ಮಕ್ಕಳೇ ಹೊರಗೆ ಹೋಗಬೇಕಾದರೆ ಅದು ನ್ಯಾಯವಲ್ಲ. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಹೋಂಸ್ಟೇಗಳ ನಡುವೆ ಓಡಾಡುವಾಗಲೂ ಈ ಪ್ರಶ್ನೆ ನನಗೆ ಬರಬೇಕಿತ್ತು.

ಶಾಲೆಯ ಬಗ್ಗೆಯೂ ಅವರಿಗೆ ಅದೇ ಚಿಂತೆ. ಪ್ರೈಮರಿ ಇದೆ. ಹೈಸ್ಕೂಲಿಗೆ ಹೋಪ್ ಅಥವಾ ಬೇಕ್‌ವೆಲ್‌ಗೆ ಹೋಗಬೇಕು. ಚಿಕ್ಕ ಮಕ್ಕಳಿರುವ ಸಂಸಾರಗಳು ಕಡಿಮೆಯಾದರೆ ಪ್ರೈಮರಿಗೂ ಕಷ್ಟ. "ಶಾಲೆ ಹೋದರೆ ಊರು ಮ್ಯೂಸಿಯಂ ಆಗುತ್ತದೆ" ಎಂದರು.

ಹಾಗಾದರೆ ಊರು ನಡೆಯುವುದು ಹೇಗೆ? ಪ್ಯಾರಿಷ್ ಕೌನ್ಸಿಲ್ ಇದೆ. 1894ರ ಕಾನೂನಿನಿಂದ ಹುಟ್ಟಿದ ವ್ಯವಸ್ಥೆ, ನಮ್ಮ ಗ್ರಾಮ ಪಂಚಾಯಿತಿಗಿಂತ ಅಧಿಕಾರ ತುಂಬಾ ಕಡಿಮೆ. ಸದಸ್ಯರಿಗೆ ಸಂಬಳವಿಲ್ಲ. ಮನೆ ತೆರಿಗೆಯಲ್ಲಿ ಒಂದು ಸಣ್ಣ ಪಾಲು ಇವರಿಗೆ ಬರುತ್ತದೆ. ಬೆಂಚು, ಕಾಲುದಾರಿ, ಮಕ್ಕಳ ಆಟದ ಜಾಗ, ಹೀಗೆ ಸಣ್ಣ ಸಣ್ಣ ವಿಷಯಗಳೇ ಜಾಸ್ತಿ. ಉಳಿದದ್ದು ಜನರೇ ಮಾಡುತ್ತಾರೆ. ಹಳೆಯ ಮೆಥಡಿಸ್ಟ್ ಚ್ಯಾಪೆಲ್‌ನಲ್ಲಿರುವ ಮ್ಯೂಸಿಯಂ ನಡೆಸುವವರು ಸ್ವಯಂಸೇವಕರು. ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಕಟ್ಟಡ ಇದೆ, ದುಡಿಯುವವರು ಓದಲಿ ಎಂದು ಕಟ್ಟಿಸಿದ್ದು, ಈಗ ಅದೇ ಸಮುದಾಯ ಭವನ. ಅದರ ಬಾಗಿಲಿನ ನೋಟಿಸ್ ಬೋರ್ಡನ್ನು ನಾನು ಪೂರ್ತಿ ಓದಿದೆ. 969 ಜನರ ಊರಿಗೆ ಅಷ್ಟೊಂದು ಚೀಟಿಗಳು!

ನನಗೆ ತುಂಬಾ ಇಷ್ಟವಾದದ್ದು ಬೀದಿ ಬದಿಯ ಕಲ್ಲಿನ ತೊಟ್ಟಿಗಳು. 1588ರಲ್ಲಿ ಈ ಊರಿನವರು ಬೆಟ್ಟದ ಊಟೆಗಳಿಂದ ನೀರನ್ನು ಹರಿಸಿ ತಂದು ಊರಿನುದ್ದಕ್ಕೂ ತೊಟ್ಟಿಗಳಿಗೆ ಬಿಟ್ಟರಂತೆ. ಇಂಗ್ಲೆಂಡಿನ ಮೊದಮೊದಲ ಸಾರ್ವಜನಿಕ ನೀರಿನ ವ್ಯವಸ್ಥೆಗಳಲ್ಲಿ ಇದೂ ಒಂದು. ಪ್ಲೇಗ್ ಬರುವುದಕ್ಕೆ ಮುಂಚೆಯೇ ಇವರಿಗೆ ಒಟ್ಟಿಗೆ ಕೆಲಸ ಮಾಡಿ ಅಭ್ಯಾಸವಿತ್ತು. 1666ರ ಆ ತೀರ್ಮಾನ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ ಎಂದು ಅಲ್ಲಿ ನಿಂತಾಗ ನನಗೆ ಅನ್ನಿಸಿತು.

ಅಜ್ಜಿ ಹೇಳಿದ್ದಕ್ಕೆ ರೈಲಿ ಸಮಾಧಿಗಳಿಗೆ ನಡೆದೆ. ಊರಾಚೆ ಏರಿನಲ್ಲಿ, ಹೊಲದ ನಡುವೆ, ಗುಂಡನೆಯ ಕಲ್ಲುಗೋಡೆಯೊಳಗೆ ಹ್ಯಾಂಕಾಕ್ ಕುಟುಂಬದ ಕಲ್ಲುಗಳು. 1666ರ ಆಗಸ್ಟ್‌ನಲ್ಲಿ ಎಂಟು ದಿನಗಳೊಳಗೆ ಎಲಿಜಬೆತ್ ಹ್ಯಾಂಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಇಲ್ಲಿ ಹೂತಳು. ಒಬ್ಬಳೇ. ತಾನೇ ಗುಂಡಿ ತೋಡಿ, ತಾನೇ ಎಳೆದುಕೊಂಡು ಬಂದು. ಆಕೆಗೆ ರೋಗ ತಗುಲಲಿಲ್ಲ. ಎಲ್ಲಾ ಮುಗಿದ ಮೇಲೆ ಶೆಫೀಲ್ಡ್‌ನಲ್ಲಿ ಕೆಲಸ ಕಲಿಯುತ್ತಿದ್ದ, ಉಳಿದ ಒಬ್ಬ ಮಗನ ಹತ್ತಿರ ಹೋದಳು. ಕಲ್ಲುಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದೆ. ಅಳು ತಡೆಯಲು ಆಗಲಿಲ್ಲ. ಕೆಳಗೆ ಕಣಿವೆಯಲ್ಲಿ ಬೇರೆ ಊರುಗಳು ಕಾಣುತ್ತವೆ. ಓಡಿ ಹೋಗಬಹುದಾಗಿದ್ದ ದಾರಿ ಅವಳ ಕಣ್ಣ ಮುಂದೆಯೇ ಇತ್ತು.

ಇನ್ನು ಬಸ್ಸಿನ ವಿಷಯ. ಸ್ಟಾಪಿನಲ್ಲಿ ಅಂಟಿಸಿದ್ದ ವೇಳಾಪಟ್ಟಿ ಹಳೆಯದು. ಅದರಲ್ಲಿದ್ದ ಸಂಜೆಯ ಬಸ್ಸನ್ನು ಕಂಪನಿ ನಿಲ್ಲಿಸಿ ತಿಂಗಳುಗಳೇ ಆಗಿದ್ದವಂತೆ, ಕಾಗದ ಮಾತ್ರ ಬದಲಾಗಿಲ್ಲ. ಮಳೆಯಲ್ಲಿ ಮುಕ್ಕಾಲು ಗಂಟೆ ನಿಂತೆ. ಆಮೇಲೆ ನಾಯಿ ಜೊತೆ ಹೋಗುತ್ತಿದ್ದವರು ಹೇಳಿದರು. ಗ್ರಿಂಡಲ್‌ಫೋರ್ಡ್ ರೈಲು ನಿಲ್ದಾಣಕ್ಕೆ ಸುಮಾರು 5 ಕಿಲೋಮೀಟರ್. ಇಳಿಜಾರು, ಆಮೇಲೆ ಡರ್ವೆಂಟ್ ನದಿಯ ಸೇತುವೆ, ಮತ್ತೆ ಏರು. ಕೆಲವು ಕಡೆ ಫುಟ್‌ಪಾತ್ ಇಲ್ಲ, ಕಾರುಗಳು ಮೈಗೆ ತಾಗುವಂತೆ ಹೋಗುತ್ತವೆ. ನನಗೆ ಇನ್ನೂ ಸಿಟ್ಟಿದೆ. ನಾನು ಒಂದು ದಿನ ನೆನೆದೆ, ಅಷ್ಟೇ. ಕಾರು ಓಡಿಸಲಾಗದ ವಯಸ್ಸಿನವರು ಶೆಫೀಲ್ಡ್ ಆಸ್ಪತ್ರೆಗೆ ಹೋಗಿ ಸಂಜೆ ವಾಪಸ್ ಬರುವುದು ಹೇಗೆ? ನೀವು ಹೋಗುವುದಾದರೆ ಸ್ಟಾಪಿನ ಕಾಗದ ನಂಬಬೇಡಿ, ಹಿಂದಿನ ದಿನವೇ ಫೋನಿನಲ್ಲಿ ಹೊಸ ವೇಳಾಪಟ್ಟಿ ನೋಡಿಕೊಳ್ಳಿ. ಚಳಿಗಾಲದಲ್ಲಿ ಮ್ಯೂಸಿಯಂ ಮುಚ್ಚಿರುತ್ತದೆ. ಆಗಸ್ಟ್ ಕೊನೆಯ ಭಾನುವಾರ ಪ್ಲೇಗ್ ನೆನಪಿನ ಪ್ರಾರ್ಥನೆ ಇರುತ್ತದೆ, ಆಗ ತುಂಬಾ ಜನ.

ಗ್ರಿಂಡಲ್‌ಫೋರ್ಡ್‌ನಿಂದ ರೈಲು ನೇರವಾಗಿ 5 ಕಿಲೋಮೀಟರಿಗೂ ಉದ್ದದ ಟಾಟ್ಲಿ ಸುರಂಗಕ್ಕೆ ನುಗ್ಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಶೆಫೀಲ್ಡ್. ಇಷ್ಟು ಹತ್ತಿರ.

ಪ್ಯಾರಿಷ್ ಕೌನ್ಸಿಲ್ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದಂತೆ. ನೋಟಿಸ್ ಬೋರ್ಡಿನಲ್ಲಿ ಮುಂದಿನ ಸಭೆಯ ತಾರೀಖು ಬರೆದುಕೊಂಡು ಬಂದಿದ್ದೇನೆ. ಸಭೆ ಇರುವುದು ಸಂಜೆ, ವಾಪಸ್ ಬರಲು ಬಸ್ಸಿಲ್ಲ. ತಂಗಿ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ.