ಬಿದಿರು ಬಿಡಿಸುವ ಕಲಿಕೆ: ಆರನೇ ವಾರ

ಚೀನೀ ಶೈಲಿಯಲ್ಲಿ, ಕುಂಚ ಮತ್ತು ಮಸಿಯಿಂದ ಬಿದಿರಿನ ಚಿತ್ರ ಬಿಡಿಸಲು ಕಲಿಯುತ್ತಿದ್ದೇನೆ. ಕಳೆದ ವಾರ ಎಲೆಗಳು ಕೈಗೆ ಹತ್ತುತ್ತಲೇ ಇರಲಿಲ್ಲ. ಈ ವಾರವೂ ಪೂರ್ತಿ ಹತ್ತಿಲ್ಲ. ಆದರೆ ಎಲ್ಲಿ ತಪ್ಪುತ್ತಿದ್ದೆ ಅನ್ನೋದು ಗೊತ್ತಾಯ್ತು. ಗೊತ್ತಾಗಿದ್ದು ಶನಿವಾರ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್‌ಮೋಲಿಯನ್ ಮ್ಯೂಸಿಯಂನಲ್ಲಿ, ಚೀನೀ ಚಿತ್ರಗಳ ಗ್ಯಾಲರಿಯಲ್ಲಿ.

ಆ ಗ್ಯಾಲರಿಗೆ ಖೋಆನ್ ಮತ್ತು ಮೈಕೆಲ್ ಸಲಿವನ್ ದಂಪತಿಯ ಹೆಸರಿದೆ. ಸಲಿವನ್ 1940ರಲ್ಲಿ ರೆಡ್ ಕ್ರಾಸ್ ಲಾರಿ ಓಡಿಸಲು ಚೀನಾಕ್ಕೆ ಹೋದವರು. ಖೋಆನ್ ಪರಿಚಯವಾಗಿದ್ದು ಅಲ್ಲೇ, ಮದುವೆಯೂ ಅಲ್ಲೇ. ಚಿತ್ರಕಾರರ ಸ್ನೇಹವೂ ಅಲ್ಲಿಂದಲೇ ಬೆಳೆಯಿತು. ದಂಪತಿಯ ಸಂಗ್ರಹದ ಎಷ್ಟೋ ಚಿತ್ರಗಳು ಆ ಸ್ನೇಹಿತರೇ ಕೈಯಾರೆ ಕೊಟ್ಟವು. 2013ರಲ್ಲಿ ಸಲಿವನ್ ತೀರಿಕೊಂಡ ಮೇಲೆ 400ಕ್ಕೂ ಹೆಚ್ಚು ಕೃತಿಗಳು ಮ್ಯೂಸಿಯಂಗೆ ಸೇರಿದವು. ಪ್ರವೇಶಕ್ಕೆ ದುಡ್ಡಿಲ್ಲ. ಬೆಳಕಿಗೆ ಕಾಗದ, ರೇಷ್ಮೆ ಹಾಳಾಗುತ್ತವೆ ಅಂತ ಚಿತ್ರಗಳನ್ನು ಆಗಾಗ ಬದಲಿಸುತ್ತಾರೆ. ಹಾಗಾಗಿ ಒಮ್ಮೆ ನೋಡಿ ಬಂದರೆ ಮುಗಿಯುವುದಿಲ್ಲ.

ನಾನು ಜಾಸ್ತಿ ಹೊತ್ತು ನಿಂತಿದ್ದು ಒಂದೇ ಚಿತ್ರದ ಮುಂದೆ. ಉದ್ದಕ್ಕೆ ತೂಗುಬಿಟ್ಟ ಸುರುಳಿ, ಬರೀ ಕಪ್ಪು ಮಸಿಯ ಬಿದಿರು. ಮಂಡಿ ಬಗ್ಗಿಸಿ, ಗಾಜಿಗೆ ಉಸಿರು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಗಳದ ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ನೂಲಿನಷ್ಟು ಜಾಗ ಖಾಲಿ ಬಿಟ್ಟಿದ್ದಾರೆ, ಅಷ್ಟೇ. ಅದೇ ಗೆಣ್ಣು! ಎಲೆ ಶುರುವಾಗುವಲ್ಲಿ ಮಸಿ ದಟ್ಟ. ತುದಿಗೆ ಬರುವಷ್ಟರಲ್ಲಿ ಕುಂಚ ಒಣಗಿ, ಗೆರೆ ಸೀಳಿ, ಕಾಗದದ ಬಿಳಿ ಇಣುಕುತ್ತದೆ. ಯಾವ ಎಲೆಯ ಮೇಲೂ ಎರಡನೇ ಸಲ ಕುಂಚ ಆಡಿಸಿಲ್ಲ.

ನಾನು ಮಾಡುತ್ತಿದ್ದದ್ದು ಅದೇ ತಪ್ಪು. ಎಲೆ ಸೊಟ್ಟಗಾದರೆ ತಿದ್ದುತ್ತಿದ್ದೆ. ಈ ಚಿತ್ರಗಳಿಗೆ ಬಳಸುವ ಚೀನೀ ಶ್ವೆನ್ ಕಾಗದ ಮಸಿಯನ್ನು ತಕ್ಷಣ ಹೀರುತ್ತದೆ, ಅಳಿಸೋ ಮಾತೇ ಇಲ್ಲ. ಹೆದರಿ ನಿಧಾನ ಮಾಡಿದರೆ ಮಸಿ ಹರಡಿ ಎಲೆ ಊದಿಕೊಳ್ಳುತ್ತದೆ. ಒತ್ತಬೇಕು, ಎಳೆಯಬೇಕು, ಎತ್ತಬೇಕು. ಮೂರೂ ಒಂದೇ ಉಸಿರಿನಲ್ಲಿ.

ಭಾನುವಾರ ಬಾಟಲಿ ಮಸಿಯನ್ನು ಪಕ್ಕಕ್ಕಿಟ್ಟೆ. ಎರಡು ತಿಂಗಳಿಂದ ಡಬ್ಬಿಯಲ್ಲೇ ಇದ್ದ ಮಸಿ ಕಡ್ಡಿಯನ್ನು ತೆಗೆದೆ. ಹೊಗೆಯ ಕಾಡಿಗೆಗೆ ಅಂಟು ಕಲಸಿ ಅಚ್ಚು ಹಾಕಿ ಒಣಗಿಸಿದ ಕಡ್ಡಿ ಅದು. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ, ಸಾಣೆಕಲ್ಲಿನ ಮೇಲೆ ಗಂಧ ತೇಯ್ದ ಹಾಗೆ ತೇಯಬೇಕು. ಊರಲ್ಲಿ ಅಜ್ಜ ಪೂಜೆಗೆ ಗಂಧ ತೇಯುವಾಗ ಬರುತ್ತಿದ್ದ ಸದ್ದೇ ಇಲ್ಲೂ ಬಂತು. ಹದಿನೈದು ನಿಮಿಷ ಕೈ ಸುತ್ತುವಷ್ಟರಲ್ಲಿ ಭುಜ ಸಡಿಲವಾಗಿತ್ತು. ತೇಯುವುದೂ ಅಭ್ಯಾಸದ ಭಾಗ ಅಂತ ಯಾಕೆ ಹೇಳುತ್ತಾರೋ ಈಗ ಅರ್ಥವಾಯ್ತು.

ಒಟ್ಟು 22 ಹಾಳೆ ಬಿಡಿಸಿದೆ. ಒಂದನ್ನೂ ತಿದ್ದಲಿಲ್ಲ. 19ನೇ ಹಾಳೆಯಲ್ಲಿ ಮೂರು ಎಲೆ ಸರಿಯಾಗಿ ಬಂದಿವೆ. ಅದೊಂದನ್ನು ಗೋಡೆಗೆ ಅಂಟಿಸಿದ್ದೇನೆ.

18ನೇ ಶತಮಾನದ ಚೀನೀ ಚಿತ್ರಕಾರ ಝೆಂಗ್ ಬಾನ್‌ಚಾವ್ ಬದುಕಿಡೀ ಬಿದಿರು ಬಿಡಿಸಿದವರು. ತನಗೆ ಗುರು ಅಂತ ಯಾರೂ ಇಲ್ಲ, ಕಾಗದದ ಕಿಟಕಿಯ ಮೇಲೆ ಬೀಳುವ ನೆರಳು ನೋಡಿಯೇ ಹೆಚ್ಚಾಗಿ ಕಲಿತೆ ಎಂದು ಬರೆದಿದ್ದಾರೆ. ಅದಕ್ಕೇ ನಿನ್ನೆ ಒಂದು ಚಿಕ್ಕ ಬಿದಿರಿನ ಕುಂಡ ತಂದು ಅಡುಗೆಮನೆ ಕಿಟಕಿಯಲ್ಲಿ ಇಟ್ಟೆ. ಸಂಜೆ ಆರಕ್ಕೆ ಬಿಸಿಲು ಓರೆಯಾಗಿ ಬಂದಾಗ ಎದುರಿನ ಬಿಳಿ ಗೋಡೆ ಮೇಲೆ ಎಲೆಗಳ ನೆರಳು ಬೀಳುತ್ತದೆ. ಹತ್ತಿರದ ಎಲೆ ಕಪ್ಪು, ದೂರದ್ದು ಮಸುಕು. ಮುಂದಿನ ವಾರ ಅದನ್ನು ನೋಡಿಕೊಂಡೇ ಎರಡು ಬಗೆಯ ಮಸಿ ತೇಯ್ದು ಬಿಡಿಸುತ್ತೇನೆ.