ಮಾಂಟ್‌ಗಮರಿಯ ಬಸ್ಸು, ಸೆಲ್ಮಾದ ಸೇತುವೆ

ಅಮೆರಿಕದ ಅಟ್ಲಾಂಟಾದಿಂದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್‌ಗಮರಿಗೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ. ಅಲಬಾಮಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ತಿಂಡಿ ಮುಗಿಸಿ ನಿಧಾನಕ್ಕೆ ಹೊರಟರೂ ನಡೆಯುತ್ತದೆ. ಕಾರು ಓಡಿಸುತ್ತಿದ್ದದ್ದು ತಂಗಿಯ ಗಂಡ. "ಎಲ್ಲರೂ ಫ್ಲೋರಿಡಾದ ಬೀಚು ನೋಡ್ತಾರೆ, ನೀವೊಬ್ರು ಬಸ್ ಸ್ಟಾಪ್ ನೋಡೋಕೆ ಹೊರಟಿದ್ದೀರಲ್ಲ ಭಾವ" ಅಂತ ದಾರಿಯುದ್ದಕ್ಕೂ ಕಾಲೆಳೆದರು.

1955ರ ಡಿಸೆಂಬರ್ 1ರಂದು, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ ಅಂತ ಕರಿಯ ಮಹಿಳೆ ರೋಸಾ ಪಾರ್ಕ್ಸ್ ಅವರನ್ನು ಬಂಧಿಸಿದ ಜಾಗದಲ್ಲಿ ಈಗ ಅವರದೇ ಹೆಸರಿನ ಮ್ಯೂಸಿಯಂ ಇದೆ. ಒಳಗಿರುವ ಬಸ್ಸು ನಕಲು. ಅಸಲಿ ಬಸ್ಸು ಮಿಶಿಗನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಆದರೂ ಸೀಟಿನ ಲೆಕ್ಕ ಸರಿಯಾಗಿ ಅರ್ಥವಾಗಿದ್ದು ಇದರ ಮುಂದೆ ನಿಂತಾಗಲೇ. ಮುಂದಿನ ಹತ್ತು ಸೀಟು ಬಿಳಿಯರಿಗೆ, ಹಿಂದಿನವು ಕರಿಯರಿಗೆ. ನಡುವಿನವು ಡ್ರೈವರ್ ಹೇಳಿದಂತೆ. ಪಾರ್ಕ್ಸ್ ಕೂತಿದ್ದು ಈ ನಡುವಿನ ಸಾಲಿನಲ್ಲಿ. ಒಬ್ಬ ಬಿಳಿಯನಿಗೆ ಜಾಗ ಬೇಕಾಯಿತು ಅಂತ ಸಾಲಿನ ನಾಲ್ವರೂ ಏಳಬೇಕಿತ್ತು. ಮೂವರು ಎದ್ದರು. ಸುಸ್ತಾದ ಮುದುಕಿ ಎದ್ದೇಳಲಿಲ್ಲ ಅಂತ ಕಥೆ ಹೇಳುವವರಿದ್ದಾರೆ. ಆಗ ಅವರಿಗೆ ಬರೀ 42 ವರ್ಷ, ಹೋರಾಟದ ಸಂಘಟನೆಯ ಕಾರ್ಯದರ್ಶಿ ಬೇರೆ. ಅದೇ ವರ್ಷ ಮಾರ್ಚ್‌ನಲ್ಲಿ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಕೂಡ ಸೀಟು ಬಿಡದೆ ಜೈಲಿಗೆ ಹೋಗಿದ್ದಳು. ಅವಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಪಾರ್ಕ್ಸ್ ಬಂಧನದ ನಂತರ ಊರಿನ ಕರಿಯರು ಬಸ್ಸು ಹತ್ತುವುದನ್ನೇ ಬಿಟ್ಟರು. ಈ ಬಹಿಷ್ಕಾರ 381 ದಿನ ನಡೆಯಿತು. ಜೋ ಆನ್ ರಾಬಿನ್‌ಸನ್ ಎಂಬ ಕಾಲೇಜು ಮೇಷ್ಟ್ರಮ್ಮ ರಾತ್ರೋರಾತ್ರಿ ಕಾಲೇಜಿನ ಯಂತ್ರದಲ್ಲೇ ಹತ್ತಾರು ಸಾವಿರ ಕರಪತ್ರ ತೆಗೆದರು. ಚರ್ಚುಗಳು ಕಾರು ಹೊಂದಿಸಿದವು. ಪೆಟ್ರೋಲಿಗೆ ದುಡ್ಡು? ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಮತ್ತವರ ಗೆಳತಿಯರು ಕೇಕು, ಪೈ, ಊಟ ಮಾರಿ ಕೂಡಿಸಿದರು, ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ಲದ ಬಿಳಿಯರಿಗೂ ಮಾರಿದರು! ದುಡ್ಡು ಎಲ್ಲಿಂದ ಬಂತು ಅಂದರೆ "ಎಲ್ಲಿಂದಲೂ ಇಲ್ಲ" ಅನ್ನಬೇಕು, ಅದಕ್ಕೇ ಗುಂಪಿಗೂ ಅದೇ ಹೆಸರು. ನನಗಂತೂ ಭಾಷಣಗಳಿಗಿಂತ ಈ ಅಡುಗೆಮನೆಯ ಲೆಕ್ಕವೇ ಜಾಸ್ತಿ ಹಿಡಿಸಿತು.

ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಡೆಕ್ಸ್‌ಟರ್ ಅವೆನ್ಯೂ ಚರ್ಚು ಚಿಕ್ಕ ಇಟ್ಟಿಗೆ ಕಟ್ಟಡ. ಅದರ ಮುಂದೆ ನಿಂತರೆ ರಾಜ್ಯದ ವಿಧಾನಸೌಧ ಕಣ್ಣೆದುರೇ. 1861ರಲ್ಲಿ ಜೆಫರ್ಸನ್ ಡೇವಿಸ್ ಗುಲಾಮಗಿರಿಯ ಪರ ನಿಂತ ಕಾನ್ಫೆಡರೇಟ್ ರಾಜ್ಯಗಳ ಅಧ್ಯಕ್ಷನಾಗಿ ಪ್ರಮಾಣ ವಚನ ತೆಗೆದುಕೊಂಡದ್ದು ಅಲ್ಲೇ.

ಮರುದಿನ ಸೆಲ್ಮಾ. ಮುಚ್ಚಿದ ಅಂಗಡಿಗಳು, ಖಾಲಿ ಬೀದಿ. ಎಡ್ಮಂಡ್ ಪೆಟಸ್ ಸೇತುವೆ ನಡುವೆ ಉಬ್ಬಿದೆ. ಈ ಕಡೆಯಿಂದ ನಡೆದರೆ ಮೇಲೆ ಹತ್ತುವವರೆಗೆ ಆಚೆ ಏನಿದೆ ಅಂತ ಕಾಣುವುದಿಲ್ಲ. 1965ರ ಮಾರ್ಚ್ 7ರಂದು ಮತದಾನದ ಹಕ್ಕು ಕೇಳಿ ಹೊರಟ ಸುಮಾರು 600 ಜನರಿಗೂ ಕಂಡಿರಲಿಲ್ಲ. ಆಚೆ ಲಾಠಿ ಹಿಡಿದ ಪೊಲೀಸರು ಕಾದಿದ್ದರು. ಮುಂದಿದ್ದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಸೇತುವೆಗೆ ಮಾತ್ರ ಇವತ್ತಿಗೂ ಎಡ್ಮಂಡ್ ಪೆಟಸ್ ಎಂಬ ಹಳೆಯ ಕಾನ್ಫೆಡರೇಟ್ ಸೇನಾನಿಯ ಹೆಸರೇ.

ವಾಪಸ್ಸು ಹೈವೇ 80ರಲ್ಲಿ ಬಂದೆವು. ಸೆಲ್ಮಾದಿಂದ ಮಾಂಟ್‌ಗಮರಿಗೆ 54 ಮೈಲಿ, ಕಾರಿಗೆ ಒಂದು ಗಂಟೆ. ಮಾರ್ಚ್ 21ರಂದು ಮತ್ತೆ ಹೊರಟವರಿಗೆ ಐದು ದಿನ ಹಿಡಿಯಿತು. ಆಗ ರಸ್ತೆ ಕಿರಿದಾಗಿದ್ದ ಕಡೆ 300 ಜನ ಮಾತ್ರ ನಡೆಯಬೇಕು ಅಂತ ಕೋರ್ಟು ಹೇಳಿತ್ತು. ರಾತ್ರಿ ಹೊಲಗಳಲ್ಲಿ ಟೆಂಟು. ಕೊನೆಯ ದಿನ ಆ ವಿಧಾನಸೌಧದ ಮುಂದೆ ಸೇರಿದವರು 25,000. ಮತದಾನ ಹಕ್ಕಿನ ಕಾಯ್ದೆಗೆ ಆಗಸ್ಟ್ 6ರಂದು ಸಹಿ ಬಿತ್ತು.

"ಅಷ್ಟು ಜನಕ್ಕೆ ಹೊಲದಲ್ಲಿ ಊಟ ಹೇಗೆ ಭಾವ?" ಅಂತ ಕೇಳಿದರು, ಬೀಚು ಬೀಚು ಅಂತಿದ್ದ ಮನುಷ್ಯ. ಸೆಲ್ಮಾದ ಚರ್ಚಿನಲ್ಲಿ ಹೆಂಗಸರು ಬೇಯಿಸಿ ಕಳಿಸುತ್ತಿದ್ದರಂತೆ. ದೊಡ್ಡ ಪಾತ್ರೆ ಸಾಲದೆ ಹೊಸ ಕಸದ ಡಬ್ಬಿಗಳಲ್ಲಿ ತುಂಬಿ ಕಳಿಸಿದ್ದರು, ಅಂದೆ.